ಮಿಂಚಿಗೆ ಮೊದಲೊಂದು ಮಿಂಚು

ಕ್ಯಾಮೆರಾ ಡಿಜಿಟಲ್ ಆದಮೇಲೆ ಫ್ಲ್ಯಾಶ್ ಬೆಳಕಿನ ಲೆಕ್ಕ ತಾನಾಗಿಯೇ ಸರಿಹೋಯಿತೆಂದು ಅನೇಕರು ನಂಬಿದ್ದಾರೆ. ನಡೆದದ್ದು ಬೇರೆ. ಈ ಒಂದು ವಿಷಯದಲ್ಲಿ ಡಿಜಿಟಲ್ ಕ್ಯಾಮೆರಾ ಮೊದಲು ಹಿಂದಕ್ಕೇ ಸರಿಯಿತು. ಜರ್ಮನಿಯಲ್ಲಿ 1887ರಲ್ಲಿ ಮೀಥೆ ಮತ್ತು ಗೇಡಿಕೆ ಮೆಗ್ನೀಸಿಯಮ್ ಪುಡಿಯ ಮಿಶ್ರಣ ಸಿದ್ಧಪಡಿಸಿದಾಗಲೂ, 1929ರಲ್ಲಿ ಫ್ಲ್ಯಾಶ್ ಬಲ್ಬು ಮಾರಾಟಕ್ಕೆ ಬಂದಾಗಲೂ ಆ ಕ್ಷಣದ ಬೆಳಕನ್ನು ಅಳೆಯುವ ಉಪಾಯ ಕ್ಯಾಮೆರಾಗಳಲ್ಲಿ ಇರಲಿಲ್ಲ. ದೂರ ಇಮ್ಮಡಿಯಾದರೆ ಬೆಳಕು ಕಾಲು ಭಾಗಕ್ಕಿಳಿಯುತ್ತದೆ ಎಂಬ ನಿಯಮವೇ ಆಧಾರ. ಫ್ಲ್ಯಾಶಿನ ಶಕ್ತಿಯನ್ನು ಹೇಳುವ ಗೈಡ್ ನಂಬರನ್ನು ದೂರದಿಂದ ಭಾಗಿಸುವುದು: ಗೈಡ್ ನಂಬರ್ 40, ಎದುರಿಗಿರುವವರು 5 ಮೀಟರ್ ದೂರ ಎಂದರೆ ಅಪರ್ಚರ್ ಎಫ್ 8. ಉಟ್ಟದ್ದು ಬಿಳಿ ಪಂಚೆಯೋ ಕರಿ ಕೋಟೋ ಎಂದು ಈ ಭಾಗಾಕಾರ ಕೇಳುವುದಿಲ್ಲ. ಅದರ ದೊಡ್ಡ ಗುಣವೇ ಅದು. 1975ರ ಒಲಿಂಪಸ್ ಓಎಂ-2 ಲೆಕ್ಕದ ಜಾಗಕ್ಕೆ ಅಳತೆಯನ್ನು ಕ್ಯಾಮೆರಾದೊಳಕ್ಕೇ ತಂದಿತು. ಷಟರ್ ತೆರೆದಿರುವಾಗಲೇ ಫಿಲ್ಮಿನ ಮೇಲಿಂದ ಚದುರಿದ ಬೆಳಕನ್ನು ಅಳೆದು, ಸಾಕಾಯಿತೆನ್ನುವಾಗ ಫ್ಲ್ಯಾಶನ್ನು ಆರಿಸಿತು.

ಡಿಜಿಟಲ್ ಕ್ಯಾಮೆರಾದಲ್ಲಿ ಫಿಲ್ಮಿನ ಜಾಗಕ್ಕೆ ಬಂದ ಸೆನ್ಸರಿನ ಮೇಲಿನ ನುಣುಪು ಗಾಜು ಫಿಲ್ಮಿನಂತೆ ಬೆಳಕನ್ನು ಚದುರಿಸುವುದಿಲ್ಲ. ಹಾಗಾಗಿ 1999ರ ನಿಕಾನ್ ಡಿ1, ಚಿತ್ರಕ್ಕೆ ಮುಂಚೆಯೇ ಸಣ್ಣ ಮಿಂಚು ಹಾರಿಸಿ, ಅದರಿಂದ ಅಂದಾಜು ಕಟ್ಟಬೇಕಾಯಿತು. ಇದನ್ನು ಹಿನ್ನಡೆ ಎನ್ನುವುದು ತಪ್ಪು, ಕ್ಯಾನನ್ 1995ರಲ್ಲೇ ಫಿಲ್ಮ್ ಕ್ಯಾಮೆರಾದಲ್ಲಿ ಇದೇ ಪೂರ್ವಮಿಂಚನ್ನು ತಾನಾಗಿ ಆರಿಸಿಕೊಂಡಿತ್ತು ಎಂದು ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದದ್ದೇ. ಸುತ್ತಲ ಬೆಳಕನ್ನೂ ಫ್ಲ್ಯಾಶನ್ನೂ ಚೌಕಟ್ಟಿನ ತುಂಡುತುಂಡಿನಲ್ಲಿ ತೂಗಿನೋಡಲು ಅದರಿಂದ ಅನುಕೂಲವಾಯಿತು. ಆದರೆ ವಸ್ತುವಿನಿಂದ ಹಿಂತಿರುಗುವ ಬೆಳಕನ್ನು ನಂಬುವ ಯಾವ ಮೀಟರಾದರೂ ಎದುರಿಗಿರುವುದು ನಡುಬೂದು ಬಣ್ಣದ್ದೆಂದೇ ಎಣಿಸುತ್ತದೆ. ಬಿಳಿ ಬಟ್ಟೆ ಮಂಕಾಗುತ್ತದೆ, ಕಪ್ಪು ಬಿಳಿಚುತ್ತದೆ. 2004ರಲ್ಲಿ ಕ್ಯಾನನ್ ತನ್ನ ಪೂರ್ವಮಿಂಚಿನ ಪದ್ಧತಿಯಾದ ಇ-ಟಿಟಿಎಲ್ ಅನ್ನು ತಿದ್ದಿದಾಗ, ಲೆನ್ಸ್ ತಿಳಿಸುವ ದೂರವನ್ನೂ ಲೆಕ್ಕಕ್ಕೆ ಸೇರಿಸಿಕೊಂಡಿತು. ಅಂದರೆ, ಗೈಡ್ ನಂಬರಿನ ಕಾಲದ ದೂರ ಹಿಂಬಾಗಿಲಿನಿಂದ ಒಳಗೆ ಬಂತು! ಫ್ಲ್ಯಾಶನ್ನು ಚಾವಣಿಗೆ ತಿರುಗಿಸಿದರೆ ಮಾತ್ರ ಆ ದೂರಕ್ಕೆ ಅರ್ಥವಿಲ್ಲ, ಬೆಳಕಿನ ಹಾದಿಯೇ ಬೇರೆ.

ತೆರೆಯ ಮೇಲೆ ಆಗಲೇ ಕಾಣುತ್ತದಲ್ಲ, ತಪ್ಪಿದರೆ ಇನ್ನೊಂದು ತೆಗೆದರಾಯಿತು ಎನ್ನುವವರಿದ್ದಾರೆ. ಡಿಜಿಟಲ್ ಕೊಟ್ಟ ನಿಜವಾದ ಲಾಭ ಇದೇ, ಅದರಲ್ಲೂ ಹಿಸ್ಟೋಗ್ರಾಂ. ಆದರೂ ಇದು ಅಳತೆಯಲ್ಲ, ಪರೀಕ್ಷೆ. ಪೋಲರಾಯ್ಡ್ ಹಾಳೆಯಲ್ಲಿ ಸ್ಟುಡಿಯೊದವರು ಇದನ್ನು ಮೊದಲೇ ಮಾಡುತ್ತಿದ್ದರು. ಮೇಲಾಗಿ, ಚಿತ್ರ ತಪ್ಪಿತೆಂದು ಮಾಂಗಲ್ಯಧಾರಣೆಯನ್ನು ಯಾರೂ ಎರಡನೆಯ ಸಲ ಮಾಡಿಸುವುದಿಲ್ಲ. ಪೂರ್ವಮಿಂಚಿನ ತೊಂದರೆಗಳು ಬೇರೆಯೂ ಇವೆ. ಅದಕ್ಕೆ ಕೆಲವರು ಕಣ್ಣು ಮುಚ್ಚುತ್ತಾರೆ; ಬೆಳಕು ಕಂಡೊಡನೆ ಹಾರುವ ಸಾದಾ ಸ್ಲೇವ್ ದೀಪಗಳೂ ಅದಕ್ಕೇ ಹಾರಿ, ಷಟರ್ ತೆರೆಯುವಷ್ಟರಲ್ಲಿ ಬರಿದಾಗಿರುತ್ತವೆ. ಅಂಥ ದೀಪಗಳಿರುವ ಸ್ಟುಡಿಯೊಗಳಲ್ಲಿ ಈ ಜಾಣತನವನ್ನೆಲ್ಲ ಆರಿಸಿ, ಫ್ಲ್ಯಾಶನ್ನು ಮ್ಯಾನ್ಯುಯಲ್‌ಗಿಟ್ಟು, ಮುಖದ ಬಳಿ ಕೈಮೀಟರ್ ಹಿಡಿದು ಬೀಳುವ ಬೆಳಕನ್ನೇ ಅಳೆಯುತ್ತಾರೆ.