ವೈಟ್‌ಫೀಲ್ಡಿನ ಈಸ್ಟರ್ ಮತ್ತು ‘ಹೋಂ’ ಎಂಬ ಊರು

ವೈಟ್‌ಫೀಲ್ಡ್ ಎಂಬ ಹೆಸರು ಯಾವ ಬಿಳಿ ಹೊಲದಿಂದಲೂ ಬಂದದ್ದಲ್ಲ. ಇಲ್ಲಿನ ಮಣ್ಣು ಕೆಂಪು, ಬೆಳೆಯುತ್ತಿದ್ದುದು ರಾಗಿ, ಹುರುಳಿ. ಡೇವಿಡ್ ಇಮ್ಯಾನುಯೆಲ್ ಸ್ಟಾರ್ಕನ್‌ಬರ್ಗ್ ವೈಟ್ ಎಂಬ ಮದರಾಸಿನ ಯುರೇಷಿಯನ್ ಮುಖಂಡನ ಹೆಸರು ಈ ನೆಲಕ್ಕೆ ಅಂಟಿಕೊಂಡಿತು. 1882ರಲ್ಲಿ ಮೈಸೂರಿನ ಮಹಾರಾಜ ಹತ್ತನೆಯ ಚಾಮರಾಜೇಂದ್ರ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ ಸುಮಾರು 3,900 ಎಕರೆ ಜಮೀನು ಕೊಟ್ಟರು. ಕಾಲ ಗಮನಿಸಿ. ಐವತ್ತು ವರ್ಷ ರಾಜ್ಯವನ್ನು ತಮ್ಮ ಕೈಯಲ್ಲಿಟ್ಟುಕೊಂಡಿದ್ದ ಬ್ರಿಟಿಷರು ಅದನ್ನು ಒಡೆಯರಿಗೆ ಹಿಂದಿರುಗಿಸಿದ್ದು 1881ರ ಮಾರ್ಚ್ 25ರಂದು. ಆಳ್ವಿಕೆ ಕೈಗೆ ಬಂದ ಮರುವರ್ಷವೇ ಆ ಅರಸರು, ಬ್ರಿಟಿಷರೇ ಅರ್ಧ ಒಪ್ಪಿ ಅರ್ಧ ಕೈಬಿಟ್ಟಿದ್ದ ಮಕ್ಕಳಿಗೆ ನೆಲ ಕೊಟ್ಟರು. (ಅದೇ ಮಾರ್ಚ್ 25ರಂದು, 2023ರಲ್ಲಿ, ಮೆಟ್ರೋ ವೈಟ್‌ಫೀಲ್ಡ್ ತಲುಪಿತು. ಕಾಕತಾಳೀಯವೇ, ಆದರೂ ಹೇಳದೆ ಇರಲಾಗಲಿಲ್ಲ.)

ಅರ್ಧ ಕೈಬಿಟ್ಟದ್ದು ಎಂದೆ. ಈಸ್ಟ್ ಇಂಡಿಯಾ ಕಂಪನಿ 1791ರಲ್ಲೇ ಭಾರತೀಯ ತಾಯಂದಿರ ಮಕ್ಕಳನ್ನು ತನ್ನ ದೊಡ್ಡ ಹುದ್ದೆಗಳಿಂದ ಹೊರಗಿಟ್ಟಿತ್ತು. ಮುಂದೆ ರೈಲು, ತಂತಿ, ಸುಂಕದ ಕಟ್ಟೆಗಳು ಬಂದಾಗ ಅವೇ ಜನ ಬೇಕಾದರು. ಎಂಜಿನ್ ಓಡಿಸಲು, ಸಿಗ್ನಲ್ ನೋಡಿಕೊಳ್ಳಲು, ಮೋರ್ಸ್ ತಟ್ಟಲು ಅವರು. ಮೇಲಿನ ಕುರ್ಚಿಯಲ್ಲಿ ಇಂಗ್ಲೆಂಡಿನಿಂದ ಬಂದವರು. ಸರ್ಕಾರಿ ಸಂಬಳವನ್ನೇ ನಂಬಿದರೆ ಈ ಸಮುದಾಯಕ್ಕೆ ಉಳಿಗಾಲವಿಲ್ಲ, ಸ್ವಂತ ನೆಲ ಉತ್ತು ನಿಲ್ಲಬೇಕು ಎಂಬುದು ವೈಟ್ ಅವರ ಆಲೋಚನೆ. ಅರ್ಧ ಶತಮಾನದ ನಂತರ, 1933ರಲ್ಲಿ, ಈಗಿನ ಜಾರ್ಖಂಡಿನಲ್ಲಿ ಅರ್ನೆಸ್ಟ್ ಟಿಮೊಥಿ ಮೆಕ್‌ಕ್ಲಸ್ಕಿ ಕಟ್ಟಿದ ಮೆಕ್‌ಕ್ಲಸ್ಕಿಗಂಜ್‌ನ ಹಿಂದೆಯೂ ಇದೇ ಕನಸಿತ್ತು. ವೈಟ್‌ಫೀಲ್ಡ್ ಅದಕ್ಕೆ ಅಜ್ಜಿ.

ಊರನ್ನು ದುಂಡಗೆ ಕಟ್ಟಿದರು. ನಡುವೆ ಬಯಲು, ಅದರ ಸುತ್ತ ಮನೆಗಳು. ಆ ದುಂಡು ಇಂದಿಗೂ ಇನ್ನರ್ ಸರ್ಕಲ್, ಔಟರ್ ಸರ್ಕಲ್ ಎಂಬ ಹೆಸರುಗಳಲ್ಲಿ ಉಳಿದಿದೆ. ನಮ್ಮ ಹಳ್ಳಿಗಳು ಕೆರೆಯನ್ನೋ ಗುಡಿಯನ್ನೋ ಹಿಡಿದು ಅಡ್ಡಾದಿಡ್ಡಿ ಬೆಳೆದವು. ಇದು ಕಾಗದದ ಮೇಲೆ ಮೊದಲು ಹುಟ್ಟಿದ ಊರು. ಹಾಗೆಂದು ಇದು ಖಾಲಿ ಜಾಗವೇನಾಗಿರಲಿಲ್ಲ. ಪಕ್ಕದ ಪಟ್ಟಂದೂರಿನ ಕೆರೆ ಕಟ್ಟಿಸಿದ ಸಂಗತಿಯನ್ನು 11ನೇ ಶತಮಾನದ ಚೋಳರ ಕಾಲದ ಶಾಸನವೊಂದು ಹೇಳುತ್ತದೆ. ಹಗದೂರು, ನಲ್ಲೂರಹಳ್ಳಿ, ಇಮ್ಮಡಿಹಳ್ಳಿ, ಕಾಡುಗೋಡಿಯ ರೈತರು ಕೆರೆ ಮತ್ತು ಮಳೆಯ ಲೆಕ್ಕವನ್ನು ತಲೆಮಾರುಗಳಿಂದ ಬಲ್ಲವರು. ಹೊಸಬರಿಗೆ ಆ ಲೆಕ್ಕ ಗೊತ್ತಿರಲಿಲ್ಲ. ರೈಲ್ವೆಯಲ್ಲಿ ಬೆಳೆದ ಕೈಗೆ ನೇಗಿಲು ಸುಲಭವಾಗಿ ಒಗ್ಗುವುದಿಲ್ಲ. ಬೇಸಾಯದ ವಸಾಹತು ಎಂದು ಶುರುವಾದದ್ದು ಬರಬರುತ್ತಾ ನಿವೃತ್ತರು ಪಿಂಚಣಿಯಲ್ಲಿ ಹಣ್ಣಿನ ಗಿಡ, ಕೋಳಿ ಸಾಕಿಕೊಂಡಿರುವ ಊರಾಯಿತು. ಇದನ್ನು ಸೋಲು ಎನ್ನುವವರಿದ್ದಾರೆ, ನನಗೆ ಹಾಗನ್ನಿಸುವುದಿಲ್ಲ. ಹಂಚಿನ ಮಾಡು, ಮುಂದೊಂದು ವರಾಂಡ, ಹಿತ್ತಲಲ್ಲಿ ಮಾವು. ಬದುಕಿಡೀ ರೈಲ್ವೆ ಕ್ವಾರ್ಟರ್ಸಿನಿಂದ ಕ್ವಾರ್ಟರ್ಸಿಗೆ ಅಲೆದವರಿಗೆ ಅದೇನು ಕಡಿಮೆಯೇ?

ವೈಟ್‌ಫೀಲ್ಡಿನ ಕಥೆ ಹೇಳುವವರೆಲ್ಲ ಇಲ್ಲಿ ವೇವರ್ಲಿ ಇನ್ ಎಂಬ ತಂಗುಮನೆಯನ್ನೂ, ಅಲ್ಲಿಗೆ ಬರುತ್ತಿದ್ದನೆಂಬ ಯುವಕ ಚರ್ಚಿಲ್‌ನನ್ನೂ ತರುತ್ತಾರೆ. ಚರ್ಚಿಲ್ 1896ರಲ್ಲಿ ಬೆಂಗಳೂರು ದಂಡಿಗೆ ಬಂದದ್ದು ನಿಜ. ಉಳಿದ ಪ್ರೇಮಕಥೆಯಲ್ಲಿ ದಾಖಲೆಗಿಂತ ಬಾಯಿಮಾತೇ ಹೆಚ್ಚು. ನನ್ನ ಕುತೂಹಲ ಆ ಊರಿನ ಸಾಧಾರಣ ಜನರ ಒಂದು ಪದದ ಮೇಲೆ: ‘ಹೋಂ’. ಇಂಗ್ಲೆಂಡನ್ನು ಕಣ್ಣಲ್ಲಿ ಕಾಣದ, ಮೂರು ನಾಲ್ಕು ತಲೆಮಾರಿನಿಂದ ಇಲ್ಲೇ ಹುಟ್ಟಿ ಇಲ್ಲೇ ಮಣ್ಣಾಗುತ್ತಿದ್ದ ಆಂಗ್ಲೋ ಇಂಡಿಯನ್ನರಲ್ಲಿ ಅನೇಕರು ಇಂಗ್ಲೆಂಡನ್ನು ‘ಹೋಂ’ ಎನ್ನುತ್ತಿದ್ದರು. ಹುಟ್ಟಿದ ಊರಲ್ಲೇ ಪರದೇಶವಾಸ. ಅದು ಎದ್ದು ಕಾಣುತ್ತಿದ್ದುದು ಹಬ್ಬಗಳಲ್ಲಿ.

ಈಸ್ಟರ್‌ನ ಇಂಗ್ಲಿಷ್ ಹಾಡು, ಕಾರ್ಡು, ಚಿತ್ರಗಳೆಲ್ಲ ವಸಂತದ ಮಾತಾಡುತ್ತವೆ. ಹಿಮ ಕರಗಿತು, ಡ್ಯಾಫೊಡಿಲ್ ಅರಳಿತು, ಕುರಿಮರಿ ಹುಟ್ಟಿತು. ಇದರ ಅರ್ಥ ನನಗಾದದ್ದು ಕೆಲಸದ ಮೇಲೆ ರೆಡಿಂಗ್‌ನಲ್ಲಿದ್ದಾಗ. ಅಕ್ಟೋಬರಿನಿಂದ ಮುಚ್ಚಿಕೊಂಡ ಆಕಾಶ ಏಪ್ರಿಲಿನಲ್ಲಿ ತೆರೆದರೆ ಸತ್ತವನು ಎದ್ದುಬಂದ ಎಂಬುದನ್ನು ಯಾರೂ ವಿವರಿಸಿ ಹೇಳಬೇಕಿಲ್ಲ. ಗುಡ್ ಫ್ರೈಡೇಯಿಂದ ಈಸ್ಟರ್ ಸೋಮವಾರದವರೆಗೆ ನಾಲ್ಕು ದಿನ ರಜೆ. ಭಾನುವಾರ ಹಾಲು ತರಲು ಹೋದರೆ ಸೂಪರ್ ಮಾರ್ಕೆಟ್ ಬಾಗಿಲು ಹಾಕಿತ್ತು. 280 ಚದರ ಮೀಟರಿಗಿಂತ ದೊಡ್ಡ ಅಂಗಡಿಗಳು ಇಂಗ್ಲೆಂಡಿನಲ್ಲಿ ಅವತ್ತು ತೆರೆಯುವಂತಿಲ್ಲ, 1994ರ ಕಾಯಿದೆ. ಕೊನೆಗೆ ಹಾಲು ಸಿಕ್ಕಿದ್ದು ಮೂಲೆಯಲ್ಲಿದ್ದ ಗುಜರಾತಿಯವರ ಚಿಕ್ಕ ಅಂಗಡಿಯಲ್ಲಿ. ಬೀದಿಯಲ್ಲಿ ಜನರಿಲ್ಲ, ಚರ್ಚಿನಲ್ಲೂ ಬೆರಳೆಣಿಕೆಯಷ್ಟು ತಲೆಗಳು, ಅದರಲ್ಲಿ ಅರ್ಧ ಕೇರಳದವರು, ಆಫ್ರಿಕಾದವರು. ವೈಟ್‌ಫೀಲ್ಡಿನವರು ‘ಹೋಂ’ ಎಂದು ಹಂಬಲಿಸಿದ ಊರು ಇದೇನಾ ಎಂದು ನಗುವೂ ಬಂತು, ಮರುಕವೂ ಆಯಿತು.

ಇಲ್ಲಿ ಈಸ್ಟರ್ ಬರುವುದು ಉರಿಬಿಸಿಲಿಗೆ. ಹಾಗೆಂದು ಅದು ಇಲ್ಲಿಗೆ ಹೊಂದದ ಹಬ್ಬವಲ್ಲ, ಆ ಕಾರ್ಡುಗಳು ಮಾತ್ರ ಹೊಂದುವುದಿಲ್ಲ. ಹೊಂಗೆ ಹೊಸ ಎಲೆ ಬಿಟ್ಟು ಮಿಂಚುವುದು, ಬೇವು ಹೂಬಿಡುವುದು ಇದೇ ದಿನಗಳಲ್ಲಿ. ಪಂಚಾಂಗ ಬಲ್ಲವರಿಗೆ ಈಸ್ಟರ್ ಲೆಕ್ಕ ಕಷ್ಟದ್ದಲ್ಲ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆ ಕಳೆದ ಮೊದಲ ಭಾನುವಾರ. ಅಂದರೆ ಹೆಚ್ಚಿನ ವರ್ಷ ನಮ್ಮ ಚೈತ್ರ ಹುಣ್ಣಿಮೆಯ ಬೆನ್ನಿಗೆ. 2023ರ ಏಪ್ರಿಲ್ 6ರ ರಾತ್ರಿ ಬೆಂಗಳೂರಿನಲ್ಲಿ ಕರಗ ಹೊರಟಿತು. ಅದೇ ಸಂಜೆ ಚರ್ಚುಗಳಲ್ಲಿ ಯೇಸು ಶಿಷ್ಯರ ಕಾಲು ತೊಳೆದ ಗುರುವಾರ. ಬೆಳಗಾದರೆ ಗುಡ್ ಫ್ರೈಡೇ. ಮರುವರ್ಷ ಲೆಕ್ಕ ತಿರುಗಿ ಈಸ್ಟರ್ ಮಾರ್ಚ್ 31ಕ್ಕೇ ಬಂತು, ಯುಗಾದಿ ಏಪ್ರಿಲ್ 9ಕ್ಕೆ. ಒಂದೇ ಚಂದ್ರ, ಎರಡು ಕಡತ.

ಕನ್ನಡದ ಕ್ಯಾಥೊಲಿಕರು ಈ ಹಬ್ಬವನ್ನು ತಮ್ಮ ಮಾತಿನಲ್ಲಿ ಎಂದೋ ಕೂರಿಸಿಕೊಂಡಿದ್ದಾರೆ. ವಿಭೂತಿ ಬುಧವಾರ, ನಲವತ್ತು ದಿನದ ತಪಸ್ಸು ಕಾಲ, ಗರಿಗಳ ಭಾನುವಾರ, ಪಾಸ್ಕ ಜಾಗರಣೆ. ಶಿವರಾತ್ರಿಯ ಪದಗಳನ್ನು ಅಷ್ಟು ಸಲೀಸಾಗಿ ಎತ್ತಿಕೊಂಡವರನ್ನು ಕಂಡರೆ ನನಗೆ ಮೆಚ್ಚುಗೆ. ಕನಕಪುರದ ಹಾರೋಬೆಲೆಯಲ್ಲಿ ಯೇಸುವಿನ ಕೊನೆಯ ದಿನಗಳನ್ನು ಊರವರೇ ನಾಟಕವಾಗಿ ಆಡುತ್ತಾರೆ. ಬಯಲಾಟ ನೋಡಿ ಬೆಳೆದ ಯಾರಿಗೂ ಅಲ್ಲಿ ಪರಕೀಯ ಎನಿಸುವುದಿಲ್ಲ. ಇನ್ನು ‘ಈಸ್ಟರ್’ ಎಂಬ ಇಂಗ್ಲಿಷ್ ಪದವೋ, 8ನೇ ಶತಮಾನದ ಬೀಡ್ ಎಂಬ ಸನ್ಯಾಸಿಯ ಪ್ರಕಾರ, ಕ್ರೈಸ್ತ ಧರ್ಮ ಬರುವ ಮುಂಚಿನ ಒಬ್ಬ ದೇವತೆಯ ತಿಂಗಳಿನಿಂದ ಬಂದದ್ದು. ಎಲ್ಲರೂ ಹಳೆಯ ಪಾತ್ರೆಯಲ್ಲೇ ಹೊಸ ಅಡುಗೆ ಮಾಡಿದವರು.

ಪಾತ್ರೆಯ ಮಾತು ಬಂದದ್ದರಿಂದ ಹೇಳುತ್ತೇನೆ, ‘ಹೋಂ’ ಎನ್ನುತ್ತಿದ್ದವರ ಅಡುಗೆಮನೆ ಎಂದೂ ಇಂಗ್ಲೆಂಡಿನಲ್ಲಿರಲಿಲ್ಲ. ನಮ್ಮ ಬೀದಿಯ ಕೊನೆಯ ಹಳೆ ಮನೆಯಲ್ಲಿ ಒಬ್ಬ ಆಂಟಿ ಇದ್ದರು, ಎಂಬತ್ತು ದಾಟಿದವರು. ಶುಭ ಶುಕ್ರವಾರ ಅವರ ಮನೆಯಲ್ಲಿ ಗಂಜಿ, ತೆಂಗಿನಹಾಲು ಬೆಲ್ಲ ಹಾಕಿದ್ದು. ಭಾನುವಾರ ಕಾಯಿಹಾಲಿನ ಹಳದಿ ಅನ್ನ, ಬಾಲ್ ಕರಿ, ಜೊತೆಗೆ ಪೆಪ್ಪರ್ ವಾಟರ್. ಈ ಕೊನೆಯದನ್ನು ಮೊದಲ ಸಲ ಕುಡಿದಾಗ ನನ್ನ ಬಾಯಿಂದ ತಾನಾಗಿ ಬಂದದ್ದು, “ಆಂಟಿ, ಇದು ಮೆಣಸಿನ ಸಾರು!”

“ಸಾರೇ ಮಾ, ಬೇರೆ ಏನು ಅಂದ್ಕೊಂಡೆ? ನಮ್ಮ ಮಮ್ಮಿ ಇಂಗ್ಲಿಷಲ್ಲಿ ಹೆಸರಿಟ್ರು, ಅಷ್ಟೇ.”

ಶಿಲುಬೆ ಗುರುತಿನ ಹಾಟ್ ಕ್ರಾಸ್ ಬನ್ನು, ಬಾದಾಮಿ ಸಕ್ಕರೆಯ ಮಾರ್ಜಿಪಾನ್ ಮೊಟ್ಟೆ ಮಾತ್ರ ಅವರು ಮನೆಯಲ್ಲಿ ಮಾಡುತ್ತಿರಲಿಲ್ಲ. ಫ್ರೇಜರ್ ಟೌನಿನ ಆಲ್ಬರ್ಟ್ ಬೇಕರಿಯಿಂದಲೇ ತರಿಸಬೇಕು. 1902ರಿಂದ ಮುಸ್ಲಿಂ ಕುಟುಂಬವೊಂದು ನಡೆಸಿಕೊಂಡು ಬಂದ ಆ ಬೇಕರಿಯ ಮುಂದೆ ಈ ವಾರದ ನೂಕುನುಗ್ಗಲು ನೋಡಬೇಕು. ಕೆಲವು ವರ್ಷ ಅದೇ ವಾರ ರಂಜಾನ್ ಉಪವಾಸವೂ ಸೇರಿಕೊಂಡಿರುತ್ತದೆ. ನಾನು ಯುಗಾದಿಯ ಒಬ್ಬಟ್ಟು ಕೊಟ್ಟರೆ ಆ ಡಬ್ಬಿ ಈಸ್ಟರ್‌ವರೆಗೂ ಅವರಲ್ಲೇ ಇದ್ದು, ಮೊಟ್ಟೆ ತುಂಬಿಕೊಂಡು ವಾಪಸು ಬರುತ್ತಿತ್ತು. ಖಾಲಿ ಡಬ್ಬಿ ಕೊಡಬಾರದು ಎಂಬುದು ಅವರಿಗೆ ಯಾರು ಕಲಿಸಿದ್ದೋ.

ಅವರ ಅಕ್ಕ ಪರ್ತ್‌ನಲ್ಲಿ. 1947ರ ನಂತರ ಮೂರು ದಶಕಗಳಲ್ಲಿ ಈ ಸಮುದಾಯದ ದೊಡ್ಡ ಪಾಲು ಬ್ರಿಟನ್ನಿಗೆ, ಆಸ್ಟ್ರೇಲಿಯಾಕ್ಕೆ, ಕೆನಡಾಕ್ಕೆ ಹಡಗು ಹತ್ತಿತು. ಹೋದದ್ದಕ್ಕೆ ಕಾರಣಗಳಿದ್ದವು: ಮೀಸಲಿದ್ದ ರೈಲ್ವೆ ಕೆಲಸಗಳು ಕರಗುತ್ತಿದ್ದವು, ಇಂಗ್ಲಿಷ್ ಏನಾಗುತ್ತದೋ ಎಂಬ ಭಯ. ಸಂವಿಧಾನ ಲೋಕಸಭೆಯಲ್ಲಿ ಎರಡು ನಾಮಕರಣದ ಸ್ಥಾನಗಳನ್ನು ಕೊಟ್ಟಿತ್ತು, 2020ರ ಜನವರಿಯಲ್ಲಿ ಅದೂ ಮುಗಿಯಿತು. ಹೋದವರು ಕಂಡದ್ದು ಬೇರೆಯೇ ವಿಚಿತ್ರ. ಆಸ್ಟ್ರೇಲಿಯಾದಲ್ಲಿ ಈಸ್ಟರ್ ಬರುವುದು ಶರತ್ಕಾಲಕ್ಕೆ, ಎಲೆ ಉದುರುವಾಗ. ವಸಂತದ ಹಬ್ಬ ಅಲ್ಲಿ ಪೂರಾ ತಲೆಕೆಳಗು. ಆಂಟಿ ಹೇಳುತ್ತಿದ್ದರು, ಅಕ್ಕ ಈಸ್ಟರ್ ದಿನ ಫೋನು ಮಾಡಿದರೆ ಮೊದಲು ಕೇಳುವುದು ಹಿತ್ತಲಿನ ಮಾವಿನ ಕಾಯಿ ಎಷ್ಟು ದಪ್ಪ ಆಯಿತು ಎಂದು. ಅಕ್ಕನ ಬಾಯಲ್ಲಿ ಈಗ ‘ಹೋಂ’ ಎಂದರೆ ವೈಟ್‌ಫೀಲ್ಡ್.

ಆ ಮಾವಿನ ಮರ ಈಗಿಲ್ಲ. ಆಂಟಿ ತೀರಿಕೊಂಡ ಮೇಲೆ ಮಕ್ಕಳು ಮನೆ ಮಾರಿದರು, ಅಲ್ಲೀಗ ಐದು ಮಹಡಿ. ಅವರನ್ನು ದೂರುವುದು ಸುಲಭ; ಎರಡು ಖಂಡಗಳಲ್ಲಿ ಹಂಚಿಹೋದ ನಾಲ್ವರು ಒಂದು ಹಂಚಿನ ಮನೆಯನ್ನು ಹೇಗೆ ಉಳಿಸಿಕೊಂಡಾರು? ಇನ್ನರ್ ಸರ್ಕಲ್ಲಿನಲ್ಲಿ ಹಳೆಯ ಕಾಲದ ಕೆಲವು ಮನೆಗಳು, 1880ರ ದಶಕದ ಮೆಮೋರಿಯಲ್ ಚರ್ಚು ಉಳಿದಿವೆ. ಸುತ್ತ ಐಟಿಪಿಎಲ್ ಮತ್ತು ಅದರ ಮರಿಗಳು.

ಆದರೆ ಚರ್ಚುಗಳು ಖಾಲಿಯಾಗಿಲ್ಲ, ಇದು ರೆಡಿಂಗ್‌ಗೂ ಇಲ್ಲಿಗೂ ಇರುವ ವ್ಯತ್ಯಾಸ. ಈಸ್ಟರ್ ಹಿಂದಿನ ರಾತ್ರಿ ಜಾಗರಣೆಗೆ ಜನ ಅಂಗಳದವರೆಗೂ ನಿಂತಿರುತ್ತಾರೆ. ಕೊಟ್ಟಾಯಂನಿಂದ ಬಂದ ನರ್ಸುಗಳು, ಐಜ್ವಾಲಿನ ಹುಡುಗಿಯರು, ಜಾರ್ಖಂಡಿನಿಂದ ಕಟ್ಟಡದ ಕೆಲಸಕ್ಕೆ ಬಂದ ಆದಿವಾಸಿ ಯುವಕರು, ಮಂಗಳೂರಿನ ಕೊಂಕಣಿಯವರು, ಹೊಸಕೋಟೆ ಕಡೆಯ ನಮ್ಮವರು. ಪೂಜೆ ಯಾವ ಭಾಷೆಯಲ್ಲಿ ಎಂಬ ಜಗಳ ಬೆಂಗಳೂರಿನ ಚರ್ಚುಗಳಿಗೆ ಹೊಸದಲ್ಲ, ಕನ್ನಡಕ್ಕಾಗಿ ಇಲ್ಲಿ ದಶಕಗಟ್ಟಲೆ ಹೋರಾಟ ನಡೆದಿದೆ. ಆ ರಾತ್ರಿ ಕತ್ತಲಲ್ಲಿ ಒಂದು ದೊಡ್ಡ ಮೇಣದಬತ್ತಿಯಿಂದ ಕೈಯಿಂದ ಕೈಗೆ ಬೆಳಕು ದಾಟಿಸುವಾಗ ಮಾತ್ರ ಭಾಷೆಯ ಅಗತ್ಯ ಬೀಳುವುದಿಲ್ಲ. ಕಳೆದ ಸಲ ನನ್ನ ಬತ್ತಿ ಹೊತ್ತಿಸಿದ ಹುಡುಗನನ್ನು ಯಾವೂರು ಎಂದು ಕೇಳಿದೆ. ಗುಮ್ಲಾ ಎಂದ. ಹಬ್ಬಕ್ಕೆ ಊರಿಗೆ ಹೋಗಲಿಲ್ಲವೇ ಎಂದರೆ, ಸೋಮವಾರ ಸೈಟಿನಲ್ಲಿ ಸ್ಲ್ಯಾಬ್ ಹಾಕುವುದಿದೆ ಎಂದ.

ಸೋಮವಾರ ನಮಗೂ ರಜೆ ಇರಲಿಲ್ಲ. ಲ್ಯಾಪ್‌ಟಾಪ್ ತೆರೆದರೆ ಲಂಡನ್ನಿನ ತಂಡದ ಎಲ್ಲರ ಹೆಸರಿನ ಮುಂದೆ ‘ಈಸ್ಟರ್ ಮಂಡೆ, ರಜೆ’ ಎಂದಿತ್ತು. ಕ್ಯಾಂಟೀನಿನಲ್ಲಿ ಕೊಟ್ಟಾಯಂನ ಸಹೋದ್ಯೋಗಿ ಮನೆಯಿಂದ ತಂದ ಪಾಲಪ್ಪ, ಬಾತುಕೋಳಿ ಸಾರಿನ ಡಬ್ಬಿ ತೆರೆದು ಎಲ್ಲರನ್ನೂ ಕರೆದರು. ಉಂಡಾದ ಮೇಲೆ ಡಬ್ಬಿ ತೊಳೆದು ಕೊಡಲು ಹೋದೆ. ಬ್ಯಾಗಿನಲ್ಲಿ ಯುಗಾದಿಯದು ಉಳಿದಿದ್ದ ಎರಡು ಅಚ್ಚು ಬೆಲ್ಲವಿತ್ತು, ಅದನ್ನೇ ಹಾಕಿ ಕೊಟ್ಟೆ.