ಮಾರ್ಚ್ 10: ಪ್ಲೇಗು, ಕೊರೊನಾ ಮತ್ತು ನಮ್ಮ ಊರಿನ ಹಾಜರಿ ಪುಸ್ತಕ



ಇವತ್ತು ಮಾರ್ಚ್ 10. ಅವ್ವ ಸಾವಿತ್ರಿಬಾಯಿ ಫುಲೆಯವರ ಸ್ಮೃತಿ ದಿನ. ಒಂದು ಫೋಟೋ ಹಾಕಿ, ಕೆಳಗ "ನಮನಗಳು" ಅಂತ ಬರೆದು ಕೈ ತೊಳ್ಕೋಬಹುದಿತ್ತು. ಆದರ ಈ ತಾರೀಖಿನ ಜೊತೆ ಇನ್ನೊಂದು ಸಾವು ಸೇರಿಕೊಂಡದ. 2020ರ ಮಾರ್ಚ್ 10ರಂದು ನಮ್ಮ ಪಕ್ಕದ ಕಲಬುರಗಿಯ ಹಿರಿಯರೊಬ್ಬರು ತೀರಿಕೊಂಡರು. ಎರಡು ದಿನದ ಮೇಲೆ ಪರೀಕ್ಷೆಯ ವರದಿ ಬಂತು. ಅದು ಇಡೀ ದೇಶದಲ್ಲೇ ಮೊದಲ ಕೊರೊನಾ ಸಾವು.

ಸಾವಿತ್ರಿಬಾಯಿ ತೀರಿಕೊಂಡದ್ದು 1897ರ ಮಾರ್ಚ್ 10ರಂದು, ಪ್ಲೇಗಿನಿಂದ. ಪುಣೆ ಹೊರಗೆ ಅವರ ಮಗ ಡಾಕ್ಟರ್ ಯಶವಂತ ಪ್ಲೇಗ್ ರೋಗಿಗಳಿಗೆ ದವಾಖಾನೆ ತೆರೆದಿದ್ದರು. ಮುಂಢವಾ ಊರಿನ ಮಹಾರ ಕೇರಿಯ ಒಂದು ಹುಡುಗನಿಗೆ ರೋಗ ಬಂದಾಗ ಆ ವಯಸ್ಸಾದ ತಾಯಿ ಅವನನ್ನ ತಾನೇ ಹೊತ್ತುಕೊಂಡು ದವಾಖಾನೆಗೆ ತಂದಳು. ಆ ಸೇವೆಯಲ್ಲೇ ರೋಗ ಅವಳಿಗೂ ತಗಲಿತು.

123 ವರ್ಷದ ಅಂತರದಲ್ಲಿ ತಾರೀಖು ಕೂಡಿದ್ದು ಬರೇ ಕಾಕತಾಳೀಯ. ಅದರಲ್ಲಿ ನಾನೇನೂ ಪವಾಡ ಹುಡುಕೋದಿಲ್ಲ. ಆದರ ಎರಡೂ ಕಾಲದಲ್ಲಿ ಊರು ಆಳಿದ ಕಾನೂನು ಒಂದೇ ಇತ್ತು. ಅದು ಕಾಕತಾಳೀಯ ಅಲ್ಲ.

ಸಾಂಕ್ರಾಮಿಕ ರೋಗಗಳ ಕಾಯ್ದೆ 1897. ಬ್ರಿಟಿಷರು ಮುಂಬೈ ಪ್ಲೇಗಿಗೆ ಹೆದರಿ 1897ರ ಫೆಬ್ರುವರಿ 4ರಂದು ಮಾಡಿದ್ದು. ಆಗ ನಮ್ಮ ಬಿಜಾಪುರವೂ ಮುಂಬೈ ಪ್ರಾಂತದಲ್ಲೇ ಇತ್ತು. ಇದ್ದದ್ದು ನಾಲ್ಕೇ ಕಲಮು. ಸರ್ಕಾರ ಏನು ಬೇಕಾದರೂ ಆದೇಶ ಮಾಡಬಹುದು. ಮೀರಿದವರಿಗೆ ಶಿಕ್ಷೆ. ಒಳ್ಳೆ ಮನಸ್ಸಿನಿಂದ ಮಾಡಿದೆ ಅಂದರೆ ಆದೇಶ ನಡೆಸಿದವರ ಮೇಲೆ ದಾವೆ ಹಾಕುವಂಗಿಲ್ಲ. ಮೂಲ ಕಾಯ್ದೆಯಲ್ಲಿ ಇಷ್ಟೇ. ರೋಗಿಯ ಹಕ್ಕು ಏನು, ಕೂಲಿ ಕಳಕೊಂಡವರಿಗೆ ಏನು, ರೋಗದ ನಡುವೆ ಕಸ ಎತ್ತುವವರಿಗೆ ಏನು, ಒಂದು ಸಾಲೂ ಇಲ್ಲ. 2020ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಕೊರೊನಾ ನಿಯಮಗಳನ್ನ ಹೊರಡಿಸಿದ್ದು ಇದೇ ಕಾಯ್ದೆ ಹಿಡಕೊಂಡು.

ಶಾಲೆಯಲ್ಲಿ ಪ್ಲೇಗ್ ಅಂದ ಕೂಡಲೇ ನಮಗೆ ಹೇಳಿಕೊಟ್ಟದ್ದು ಪುಣೆಯ ರ‍್ಯಾಂಡ್ ಸಾಹೇಬ ಮತ್ತು ಅವನನ್ನ ಗುಂಡಿಕ್ಕಿದ ಚಾಫೇಕರ ಸಹೋದರರ ಕಥೆ. ಅದೇ ಪುಣೆಯ ಸಾವಿತ್ರಿಬಾಯಿಯ ಕಥೆ ಹೇಳಲಿಲ್ಲ. ಮುಂಬೈಯ ಇನ್ನೊಂದು ಕಥೆಯನ್ನಂತೂ ಯಾರೂ ಹೇಳಲೇ ಇಲ್ಲ. ಅದನ್ನ ಇವತ್ತು ಹೇಳ್ತೀನಿ.

1896ರ ಸೆಪ್ಟೆಂಬರ್‌ನಲ್ಲಿ ಮುಂಬೈನಲ್ಲಿ ಪ್ಲೇಗ್ ಪತ್ತೆಯಾಯಿತು. ಅಕ್ಟೋಬರ್ ಮೊದಲ ವಾರವೇ ಮುನ್ಸಿಪಲ್ ಕಮಿಷನರ್ ಸ್ನೋ ಕಠಿಣ ಆದೇಶ ಹೊರಡಿಸಿದ. ಮನೆಗೆ ನುಗ್ಗಿ ನೋಡಬಹುದು, ರೋಗಿಯನ್ನ ಒತ್ತಾಯದಿಂದ ಆಸ್ಪತ್ರೆಗೆ ಒಯ್ಯಬಹುದು. ಜನ ಸಿಟ್ಟಿಗೆದ್ದರು. ಅಕ್ಟೋಬರ್ 29ರಂದು ಗಿರಣಿ ಕಾರ್ಮಿಕರು ಆರ್ಥರ್ ರೋಡ್ ಆಸ್ಪತ್ರೆಯ ಮೇಲೆ ಬಿದ್ದರು. ಅದಾದ ಕೂಡಲೇ ಆದೇಶ ಸಡಿಲಾಯಿತು.

ದೊಂಬಿಗೆ ಹೆದರಿ ಸಡಿಲ ಮಾಡಿದರು ಅಂತ ಅನಿಸ್ತದ. ಅದೂ ಖರೆ. ಆದರ ಕಮಿಷನರ್ ಬರೆದ ಪ್ಲೇಗ್ ವರದಿಯಲ್ಲಿ ಇನ್ನೊಂದು ಹೆದರಿಕೆ ಕಾಣ್ತದ. ಊರಿನ ಹಲಾಲಖೋರರು, ಅಂದರೆ ಮಲ ಎತ್ತುವವರು, ಮತ್ತು ಕಸ ಹೊರುವ ಬಿಗಾರಿಗಳು ಊರು ಬಿಟ್ಟು ಓಡಿಹೋದರೆ ಏನು ಗತಿ ಅನ್ನೋ ಹೆದರಿಕೆ. ಮುಂದಿನ ಕೆಲವೇ ತಿಂಗಳಲ್ಲಿ ಮುಂಬೈಯ ಅರ್ಧಕ್ಕರ್ಧ ಮಂದಿ ಊರು ಖಾಲಿ ಮಾಡಿದರು. ಸಾಹುಕಾರರು ಹೋದರು, ಗುಮಾಸ್ತರು ಹೋದರು, ಗಿರಣಿಯವರೂ ಹೋದರು. ಊರು ತಡಕೊಂಡಿತು. ಆದರ ಈ ಮಂದಿ ಹೋದರೆ ಮುಂಬೈ ಇರಲಿಕ್ಕೇ ಯೋಗ್ಯ ಉಳಿಯೋದಿಲ್ಲ ಅಂತ ಬಿಳಿ ಸಾಹೇಬನಿಗೆ ಗೊತ್ತಿತ್ತು.

ಗೊತ್ತಿದ್ದು ಏನು ಮಾಡಿದರು? ಕೂಲಿ ಹೆಚ್ಚು ಮಾಡಿ ಮರ್ಯಾದೆ ಕೊಡೋ ಬದಲು, ನೋಟಿಸ್ ಕೊಡದೆ ಕೆಲಸ ಬಿಟ್ಟರೆ ಶಿಕ್ಷೆ ಅನ್ನೋ ಕಾನೂನನ್ನೇ ಮುನ್ಸಿಪಾಲಿಟಿಗಳು ಮುಂದುವರಿಸಿಕೊಂಡು ಬಂದವು. ಜಾಡಮಾಲಿ ಹಂಗ ಕೆಲಸ ಬಿಟ್ಟರೆ ಅಪರಾಧಿ ಆಗ್ತಿದ್ದ. ಬಾಬಾಸಾಹೇಬರು ಮುಂದೆ ಮುಂಬೈ ಮುನ್ಸಿಪಲ್ ಕಾಮಗಾರರ ಸಂಘ ಕಟ್ಟಿದ್ದು ಯಾಕಂತ ಇದರಿಂದ ತಿಳೀತದ.

ಈಗ ನಮ್ಮ ಊರಿಗೆ ಬರೋಣ.

ವಿಜಯಪುರದಲ್ಲಿ ಕೊರೊನಾ ಮೊದಲು ಪತ್ತೆಯಾಗಿದ್ದು 2020ರ ಏಪ್ರಿಲ್ 12ರಂದು. ಎರಡು ದಿನ ಬಿಟ್ಟರೆ ಭೀಮ ಜಯಂತಿ. ನಮ್ಮ ಜೋರಾಪುರ ಪೇಟೆಯಲ್ಲಿ ಆ ವರ್ಷ ಡಾಲ್ಬಿ ಇಲ್ಲ, ಮೆರವಣಿಗೆ ಇಲ್ಲ. ಮನೆಯೊಳಗೇ ಫೋಟೋಕ್ಕೆ ಹಾರ ಹಾಕಿ ಮೇಣದಬತ್ತಿ ಹಚ್ಚಿದೆವು. ಹೊರಗೆ ಓಣಿಗೆ ಓಣಿ ಸೀಲ್‌ಡೌನ್. ಬಿದಿರು ಕಟ್ಟಿ, ತಗಡು ಬಡಿದು ಮುಚ್ಚಿದ್ದರು. ಪೊಲೀಸರು ಬಿದಿರಿನ ಈಚೆ. ದವಾಖಾನೆಯ ಅಕ್ಕಾರು, ಆಶಾ ಅಕ್ಕಾರು ಪಟ್ಟಿ ಹಿಡಕೊಂಡು ಆಚೆ ಹೋಗಿ ಬರೋರು. ದಿನಾ ಬೆಳಿಗ್ಗೆ ಬಿದಿರು ದಾಟಿ ಒಳಗೆ ಹೋಗಿ ಕಸ ತರೋರು ಪೌರಕಾರ್ಮಿಕರು.

ಆ ಕಸ ಸಾದಾ ಕಸ ಅಲ್ಲ. ಕ್ವಾರಂಟೈನ್ ಮನೆಯ ಕಸ ಬೇರೆ ಹಳದಿ ಚೀಲದಲ್ಲಿ ಹಾಕಿ ಬೇರೆಯಾಗಿಯೇ ಒಯ್ಯಬೇಕು ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಮಾರ್ಚ್‌ನಲ್ಲೇ ಮಾರ್ಗಸೂಚಿ ಕೊಟ್ಟಿತ್ತು. ಕಾಗದದಲ್ಲಿ ಚಂದ ಅದ. ನಮ್ಮ ಓಣಿಯಲ್ಲಿ ನಾ ಕಂಡದ್ದು ಹೇಳ್ತೀನಿ. ಮಾಸ್ಕು, ಉಗುಳು ಒರೆಸಿದ ಬಟ್ಟೆ, ಕಾಯಿಪಲ್ಲೆ ಸಿಪ್ಪೆ ಎಲ್ಲಾ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ. ಎತ್ತುವ ಅಕ್ಕನ ಕೈಗೆ ಹರಿದ ರಬ್ಬರ್ ಗ್ಲೌಸು, ಮುಖಕ್ಕೆ ಸೀರೆ ಸೆರಗು.

ಒಂದು ದಿನ ಬಿಸಿಲು ಜೋರಿತ್ತು. ಆ ಅಕ್ಕ ಒಂದು ಮನೆ ಮುಂದೆ ನಿಂತು ನೀರು ಕೇಳಿದಳು. ಮನೆಯಾಕೆ ಕೆಟ್ಟವಳಲ್ಲ. ಒಳಗಿಂದ ತಂಬಿಗೆ ತಂದಳು. "ಬೊಗಸಿ ಹಿಡಿಯವಾ" ಅಂದು ಮ್ಯಾಲಿಂದ ಹೊಯ್ದಳು. "ಕೊರೊನಾ ಅದ ನೋಡವಾ, ತಪ್ಪು ತಿಳೀಬ್ಯಾಡ" ಅಂತನೂ ಅಂದಳು. ಅಕ್ಕ ಕುಡಿದು, ಬಾಯಿ ಒರೆಸಿಕೊಂಡು, ನಕ್ಕು ಹೇಳಿದಳು: "ನಮಗ ಇದು ಹೊಸದಲ್ಲ ಬಿಡ್ರಿ. ನಿಮಗ ಹೊಸದು."

ಆ ಮಾತು ನನಗೆ ಇವತ್ತಿಗೂ ಬಿಟ್ಟಿಲ್ಲ. ಆಗ ಎಲ್ಲಾ ಕಡೆ ಒಂದೇ ಘೋಷಣೆ: ಸಾಮಾಜಿಕ ಅಂತರ ಕಾಪಾಡಿ. ಗೋಡೆಯ ಮೇಲೆ, ಕಸದ ಗಾಡಿಯ ಮೈಕಿನಲ್ಲಿ, ಫೋನಿನ ರಿಂಗಿನಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಮಾರ್ಚ್‌ನಲ್ಲೇ ಆ ಮಾತು ಬಿಟ್ಟು "ದೈಹಿಕ ಅಂತರ" ಅನ್ನಲು ಶುರು ಮಾಡಿತ್ತು. ನಮ್ಮ ಆಫೀಸಿನ ಸುತ್ತೋಲೆಗಳಲ್ಲಿ ಸಾಮಾಜಿಕ ಅಂತರವೇ ಉಳಿಯಿತು. ಸಾವಿರಾರು ವರ್ಷ ಸಾಮಾಜಿಕ ಅಂತರದಿಂದಲೇ ಸತ್ತವರ ಮಕ್ಕಳ ಕೈಗೆ ಅದೇ ಶಬ್ದದ ಬ್ಯಾನರ್ ಕೊಟ್ಟು ಬೀದಿಯಲ್ಲಿ ಕಟ್ಟಿಸಿದರು. ಅದೇ ಏಪ್ರಿಲ್‌ನಲ್ಲಿ ತಬ್ಲೀಗಿ ಹೆಸರು ಹೇಳಿ ಮುಸ್ಲಿಂ ತರಕಾರಿ ಮಾರುವವರನ್ನ ಓಣಿಯಿಂದ ಓಡಿಸಿದ್ದೂ ಇದೇ ರೋಗದ ಇನ್ನೊಂದು ಮುಖ. ಮುಟ್ಟಿಸಿಕೊಳ್ಳದಿರಲು ಈ ಸಮಾಜಕ್ಕೆ ಒಂದು ನೆಪ ಸಾಕು.

ಈಗ ನನ್ನ ಕಸುಬಿನ ಮಾತು. ನಾ ಗುಮಾಸ್ತ. ಲೆಕ್ಕ ಮತ್ತು ಕಾಗದ ನೋಡೋದೇ ನನ್ನ ಕೆಲಸ.

ಲೆಕ್ಕ ಒಂದು. 2011ರ ಜನಗಣತಿಯಲ್ಲಿ ವಿಜಯಪುರ ನಗರದ ಜನಸಂಖ್ಯೆ 3,27,427. ಐ.ಪಿ.ಡಿ. ಸಾಲಪ್ಪ ಸಮಿತಿ 1970ರ ದಶಕದಲ್ಲೇ 500 ಜನಕ್ಕೆ ಒಬ್ಬ ಪೌರಕಾರ್ಮಿಕ ಬೇಕು ಅಂದಿತ್ತು. ಅದರಂತೆ ನಮ್ಮ ಊರಿಗೆ 654 ಮಂದಿ ಬೇಕು. ಆಮೇಲೆ ಸರ್ಕಾರ ಅದನ್ನ 700 ಜನಕ್ಕೆ ಒಬ್ಬ ಅಂತ ಬದಲಿಸಿತು. ಈಗ 467 ಸಾಕು. ಒಂದೇ ಆದೇಶದಲ್ಲಿ 187 ಜನರ ಕೆಲಸ ಉಳಿದವರ ಬೆನ್ನ ಮೇಲೆ ಬಿತ್ತು. ಅದೂ 2011ರ ಜನಸಂಖ್ಯೆಗೆ. ಇಂಥಾ ಸ್ಥಿತಿಯಲ್ಲಿ ಕೊರೊನಾ ಬಂತು.

ಲೆಕ್ಕ ಎರಡು. 2020ರ ಮಾರ್ಚ್ 26ರಂದು ಕೇಂದ್ರ ಸರ್ಕಾರ ಆರೋಗ್ಯ ಕಾರ್ಯಕರ್ತರಿಗೆ 50 ಲಕ್ಷದ ವಿಮೆ ಘೋಷಿಸಿತು. ಆಸ್ಪತ್ರೆ ಗುಡಿಸುವವರ ಹೆಸರು ಅದರಲ್ಲಿ ಇತ್ತು. ಬೀದಿ ಗುಡಿಸುವವರು ಬರಬೇಕಾದರೆ ಕೊರೊನಾ ಕೆಲಸಕ್ಕೆ ಹಚ್ಚಿದ್ದರು ಅನ್ನೋ ಕಾಗದ ಬೇಕು. "ಏ ಬಾರವಾ, ಆ ಓಣಿಗೆ ಹೋಗು" ಅಂತ ಬಾಯಿಮಾತಿನಲ್ಲಿ ಕಳಿಸಿದವರಿಗೆ ಯಾವ ಕಾಗದ ಇರ್ತದ? ಮಾರ್ಚ್ 22ರ ಸಂಜೆ ತಾಟು ಬಡಿಯಲಿಕ್ಕೆ ಕಾಗದ ಬೇಕಾಗಿರಲಿಲ್ಲ. ಹೂ ಹಾಕಲಿಕ್ಕೆ, ಶಾಲು ಹೊದಿಸಲಿಕ್ಕೆ ಬೇಕಾಗಿರಲಿಲ್ಲ. ಸತ್ತ ಮೇಲೆ ಪರಿಹಾರಕ್ಕೆ ಬೇಕು.

ಲೆಕ್ಕ ಮೂರು. ಇದನ್ನೆಲ್ಲ ಕೇಳಬೇಕಾದವರು ಯಾರು? ನಗರಸಭೆ ಮಹಾನಗರ ಪಾಲಿಕೆ ಆಗಿದ್ದು 2013ರಲ್ಲಿ. ಆದರ ಕೊರೊನಾದ ಎರಡೂ ಅಲೆಗಳಲ್ಲಿ ಪಾಲಿಕೆಯಲ್ಲಿ ಚುನಾಯಿತ ಸದಸ್ಯರೇ ಇದ್ದಿಲ್ಲ. 35 ವಾರ್ಡುಗಳಿಗೆ ಚುನಾವಣೆ ನಡೆದದ್ದು 2022ರ ಅಕ್ಟೋಬರ್ 28ರಂದು. ಅಲ್ಲಿತನಕ ಅಧಿಕಾರಿಗಳದ್ದೇ ಆಡಳಿತ. ಅಧಿಕಾರಿಗಳು ಕೆಲಸ ಮಾಡಲಿಲ್ಲ ಅಂತ ನಾ ಅನ್ನೋದಿಲ್ಲ. ಹಗಲು ರಾತ್ರಿ ಮಾಡಿದವರೂ ಇದ್ದಾರ. ಆದರ ಸಭೆ ಇಲ್ಲ ಅಂದರೆ ಪ್ರಶ್ನೆ ಇಲ್ಲ, ಪ್ರಶ್ನೆ ಇಲ್ಲ ಅಂದರೆ ನಡಾವಳಿ ಇಲ್ಲ. ಮೀಸಲು ವಾರ್ಡಿನಿಂದ ಗೆದ್ದ ಒಬ್ಬ ನಮ್ಮ ಹುಡುಗ ಎದ್ದು ನಿಂತು "ಗ್ಲೌಸು ಎಷ್ಟು ಖರೀದಿ ಮಾಡಿದ್ರಿ, ಎಷ್ಟು ಮಂದಿಗೆ ಕೊಟ್ರಿ?" ಅಂತ ಕೇಳುವ ಜಾಗವೇ ಊರಲ್ಲಿ ಇದ್ದಿಲ್ಲ. 1897ರ ಕಾಯ್ದೆಗೂ ಅದೇ ಬೇಕಿತ್ತು: ಆದೇಶ ಮಾಡೋರು ಮೇಲೆ, ಪಾಲಿಸೋರು ಕೆಳಗೆ, ನಡುವೆ ಯಾರೂ ಇಲ್ಲ.

ಕಡೆಗೆ ಪ್ರಶ್ನೆ ಕೇಳಿದವರು ಕಾರ್ಮಿಕರೇ. 2022ರ ಜುಲೈ 1ರಿಂದ ರಾಜ್ಯದ ಪೌರಕಾರ್ಮಿಕರು ಕಸಬರಿಗೆ ಕೆಳಗಿಟ್ಟರು. ನಾಲ್ಕೇ ದಿನದಲ್ಲಿ ಸರ್ಕಾರ ಮಾತುಕತೆಗೆ ಇಳಿದು ಕಾಯಂ ಮಾಡೋದಾಗಿ ಒಪ್ಪಿತು. 1896ರಲ್ಲಿ ಸ್ನೋ ಸಾಹೇಬ ಹೆದರಿದ್ದು ಇದಕ್ಕೇ ನೋಡ್ರಿ. ಆಗ ಅವರು ಓಡಿಹೋದಾರು ಅಂತ ಹೆದರಿಕೆ ಇತ್ತು. ಈಗ ಓಡಲಿಲ್ಲ, ಸಂಘ ಕಟ್ಟಿ ಕುಂತರು. ನಡುವೆ ಬಾಬಾಸಾಹೇಬರು ಬಂದು ಹೋಗಿದ್ದರು.

ಆದರ ಒಂದು ಕೆಲಸ ಉಳಿದದ, ಅದಕ್ಕೇ ಇಷ್ಟು ಉದ್ದ ಬರೆದೆ. ಆಫೀಸಿನ ಕಡತಗಳಿಗೆ ವರ್ಗ ಇರ್ತಾವ. ಕೆಲವು ಶಾಶ್ವತ. ಉಳಿದದ್ದಕ್ಕೆ ಇಂತಿಷ್ಟು ವರ್ಷ ಅಂತ ಅವಧಿ. ಅವಧಿ ಮುಗಿದರೆ ಪಟ್ಟಿ ಮಾಡಿ ನಾಶ ಮಾಡ್ತಾರ. ಇದು ಕೇಡಿನ ಬುದ್ಧಿ ಅಲ್ಲ, ರೂಢಿ. ನಾನೇ ಇಂಥಾ ಪಟ್ಟಿ ಬರೆದೀನಿ. ಸೀಲ್‌ಡೌನ್ ಮಾಡಿದ ಆದೇಶ ಉಳೀತದ, ಕೆಳಗಿನ ಸಹಿನೂ ಉಳೀತದ. ಆ ದಿನ ಬಿದಿರು ದಾಟಿ ಒಳಗೆ ಹೋದವಳ ಹೆಸರು ಇರೋದು ಹಾಜರಿ ಪುಸ್ತಕದಲ್ಲಿ ಮಾತ್ರ, ಹೆಬ್ಬೆಟ್ಟಿನ ಪಕ್ಕ. ಆ ಪುಸ್ತಕ ರದ್ದಿಗೆ ಹೋದರೆ ನಾಳೆ ಇತಿಹಾಸ ಬರೆಯೋರು "ಪಾಲಿಕೆ ನಗರವನ್ನು ಸ್ವಚ್ಛವಾಗಿಟ್ಟಿತು" ಅಂತ ಒಂದು ಸಾಲು ಬರೆದು ಮುಂದೆ ಹೋಗ್ತಾರ. ಮುಂಬೈಯ ಹಲಾಲಖೋರರಿಗೆ ಆದದ್ದೂ ಅದೇ. ಸಾಹೇಬನ ವರದಿ ಉಳಿಯಿತು. ಅವರಲ್ಲಿ ಒಬ್ಬರ ಹೆಸರು ಕೇಳಿದರೂ ನನಗೆ ಹೇಳಲಿಕ್ಕೆ ಬರೋದಿಲ್ಲ.

ಹಂಗಾಗಿ ಗೆಳೆಯರೇ, ನಿಮ್ಮ ನಿಮ್ಮ ಊರಲ್ಲಿ ಎರಡು ಕೆಲಸ ಮಾಡ್ರಿ. ಒಂದು, 2020 ಮತ್ತು 2021ರ ಪೌರಕಾರ್ಮಿಕರ ಹಾಜರಿ ಪುಸ್ತಕದ ನಕಲಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕ್ರಿ. ಹತ್ತು ರೂಪಾಯಿ ಖರ್ಚು. ಎರಡು, ನಿಮ್ಮ ಓಣಿ ಗುಡಿಸುವ ಅಕ್ಕನನ್ನ ಒಳಗೆ ಕರೆದು, ಕುರ್ಚಿ ಹಾಕಿ, ಕಪ್ಪಿನಲ್ಲಿ ಚಹಾ ಕೊಟ್ಟು, ಆ ದಿನಗಳ ಬಗ್ಗೆ ಕೇಳ್ರಿ. ಒಪ್ಪಿದರೆ ಫೋನಿನಲ್ಲಿ ರೆಕಾರ್ಡ್ ಮಾಡ್ಕೋರಿ.

ಸಾವಿತ್ರಿಬಾಯಿ ಹೊತ್ತು ತಂದ ಹುಡುಗನ ಕಥೆ ನಮಗ ಗೊತ್ತದ. ಯಾಕಂದರ ನಮ್ಮವರು ಅದನ್ನ ಬಾಯಿಂದ ಬಾಯಿಗೆ ಹೇಳ್ಕೋತ ಬಂದರು. ನಮ್ಮ ಕಾಲದ ಹೆಸರುಗಳನ್ನ ಉಳಿಸೋ ಪಾಳಿ ಈಗ ನಮ್ಮದು.

ಜೈ ಸಾವಿತ್ರಿ. ಜೈ ಭೀಮ್.