ಹದಿಹರೆಯದವರಿಗೆ ಗ್ರಂಥಾಲಯದಲ್ಲಿ ಜಾಗವೆಲ್ಲಿ?

ನಾಡಿನ ಯಾವುದೇ ಸಾರ್ವಜನಿಕ ಗ್ರಂಥಾಲಯಕ್ಕೆ ಸಂಜೆಯ ಹೊತ್ತು ಕಾಲಿಟ್ಟರೆ ಸಾಮಾನ್ಯವಾಗಿ ಕಾಣಸಿಗುವ ನೋಟ ಒಂದೇ. ಮಕ್ಕಳ ಮೂಲೆಯಲ್ಲಿ ಚಿತ್ರಪುಸ್ತಕಗಳನ್ನು ಹರಡಿಕೊಂಡ ಪುಟಾಣಿಗಳು. ವಾಚನಾಲಯದಲ್ಲಿ ಕೆಎಎಸ್, ಪಿಡಿಒ, ಪೊಲೀಸ್ ಹುದ್ದೆಗಳ ಪರೀಕ್ಷೆಗೆ ಸಿದ್ಧರಾಗುತ್ತಿರುವ ಪದವೀಧರರು. ಬಾಗಿಲ ಬಳಿಯ ಮೇಜಿನಲ್ಲಿ ದಿನಪತ್ರಿಕೆ ಓದುವ ಹಿರಿಯರು. ಹದಿಮೂರರಿಂದ ಹದಿನೆಂಟರ ನಡುವಿನವರು ಮಾತ್ರ ಈ ನೋಟದಲ್ಲಿ ಅಪರೂಪ. ಏಳನೆಯ ತರಗತಿಯವರೆಗೆ ಓಡೋಡಿ ಬರುತ್ತಿದ್ದ ಮಕ್ಕಳು ಹೈಸ್ಕೂಲು ಸೇರಿದ ವರ್ಷವೇ ಸದ್ದಿಲ್ಲದೆ ಮರೆಯಾಗುತ್ತಾರೆ. ಮುಂದೆ ಬಂದರೂ ಪದವಿ ಮುಗಿಸಿ, ನೌಕರಿಯ ಅರ್ಜಿ ಹಿಡಿದೇ ಬರುತ್ತಾರೆ.

ಮೊಬೈಲ್ ಬಂದ ಮೇಲೆ ಓದು ಹೋಯಿತು ಎಂಬ ವಿವರಣೆ ಸುಲಭವಾದದ್ದು. ಅದರಲ್ಲಿ ಸತ್ಯಾಂಶವೂ ಇಲ್ಲದಿಲ್ಲ. ಆದರೆ ಮೊಬೈಲಿನ ಕಲ್ಪನೆಯೂ ಇಲ್ಲದ ಕಾಲದಲ್ಲಿಯೇ ಗ್ರಂಥಪಾಲಕರನ್ನು ಈ ಪ್ರಶ್ನೆ ಕಾಡಿತ್ತು. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದಲ್ಲಿ ಮೇಬಲ್ ವಿಲಿಯಮ್ಸ್ ಅವರು 1919ರಿಂದಲೇ ಶಾಲೆಗಳೊಡನೆ ಸಂಪರ್ಕ ಬೆಳೆಸಿ, ಮಕ್ಕಳ ವಿಭಾಗ ದಾಟಿದ ಓದುಗರಿಗಾಗಿ ಕೆಲಸ ಆರಂಭಿಸಿದರು. 1929ರಿಂದ ಆ ಗ್ರಂಥಾಲಯ ಈ ವಯಸ್ಸಿನವರಿಗೆಂದೇ ಪುಸ್ತಕಗಳ ಪಟ್ಟಿಯನ್ನು ಹೊರತಂದಿತು. ಕ್ಲೀವ್‌ಲೆಂಡ್ ನಗರದ ಗ್ರಂಥಾಲಯ 1925ರಲ್ಲಿ ಕಾದಂಬರಿಕಾರ ರಾಬರ್ಟ್ ಲೂಯಿ ಸ್ಟೀವನ್‌ಸನ್ ಹೆಸರಿನಲ್ಲಿ ಹದಿಹರೆಯದವರಿಗಾಗಿ ಪ್ರತ್ಯೇಕ ಕೊಠಡಿಯನ್ನೇ ತೆರೆಯಿತು. ಗ್ರಂಥಾಲಯಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಇಫ್ಲಾ 1996ರಲ್ಲಿ ಈ ಸೇವೆಯ ಕುರಿತು ಮಾರ್ಗಸೂಚಿ ಪ್ರಕಟಿಸಿ 2008ರಲ್ಲಿ ಅದನ್ನು ಪರಿಷ್ಕರಿಸಿತು. ಸ್ಥೂಲವಾಗಿ 12ರಿಂದ 18 ವರ್ಷದವರನ್ನು ಮಕ್ಕಳೂ ಅಲ್ಲದ, ವಯಸ್ಕರೂ ಅಲ್ಲದ ಬೇರೊಂದು ಓದುಗ ಸಮುದಾಯವೆಂದು ಆ ಮಾರ್ಗಸೂಚಿ ಗುರುತಿಸುತ್ತದೆ.

ಮರೆತ ಎರಡನೆಯ ಸೂತ್ರ

ಈ ಮಾತಿಗೆ ದೂರದ ದೇಶಗಳನ್ನೇ ಸಾಕ್ಷಿಗೆ ಕರೆಯಬೇಕೆಂದಿಲ್ಲ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಪಂಚಸೂತ್ರಗಳಲ್ಲಿ ಎರಡನೆಯದು, ಪ್ರತಿಯೊಬ್ಬ ಓದುಗನಿಗೂ ಅವನದೇ ಆದ ಪುಸ್ತಕ ದೊರೆಯಬೇಕು ಎನ್ನುತ್ತದೆ. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿಯೇ ಕಳೆದ ರಂಗನಾಥನ್, 1962ರಲ್ಲಿ ಇಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರದ ಸ್ಥಾಪನೆಗೆ ಕಾರಣರಾದರು. ಅವರ ಸೂತ್ರವನ್ನು ಗೋಡೆಗೆ ಬರೆಸಿದ ಗ್ರಂಥಾಲಯಗಳಲ್ಲಿಯೂ ಹದಿನೈದರ ಹುಡುಗಿಗೆ ಅವಳದೇ ಆದ ಪುಸ್ತಕ ಯಾವುದೆಂದು ಯೋಚಿಸಿದವರು ಕಡಿಮೆ.

ಕರ್ನಾಟಕದಲ್ಲಿ ಕಾನೂನಿನ ಬುನಾದಿ ಇದೆ. 1965ರಲ್ಲಿ ರೂಪುಗೊಂಡ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯು ಆಸ್ತಿ ತೆರಿಗೆಯೊಂದಿಗೆ ಗ್ರಂಥಾಲಯ ಕರವನ್ನು ಸಂಗ್ರಹಿಸಲು ಅವಕಾಶ ನೀಡಿದೆ. ಹೀಗೆ ಸಂಗ್ರಹವಾದ ಹಣ ಸ್ಥಳೀಯ ಸಂಸ್ಥೆಗಳಿಂದ ಗ್ರಂಥಾಲಯಗಳಿಗೆ ಸಕಾಲದಲ್ಲಿ ತಲುಪುವುದಿಲ್ಲವೆಂಬ ದೂರು ಹಳೆಯದು. 2019ರಲ್ಲಿ ರಾಜ್ಯದ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಸುಪರ್ದಿಗೆ ಬಂದವು. ಮರುವರ್ಷ, ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದ ದಿನಗಳಲ್ಲಿ, ‘ಓದುವ ಬೆಳಕು’ ಕಾರ್ಯಕ್ರಮ ಆರಂಭವಾಗಿ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತವಾಯಿತು. ಮುರಿದ ಕುರ್ಚಿ, ದೂಳು ಹಿಡಿದ ಬೀರುಗಳಿದ್ದ ಎಷ್ಟೋ ಕಟ್ಟಡಗಳು ಬಣ್ಣ ಕಂಡವು. ‘ಅರಿವು ಕೇಂದ್ರ’ವೆಂಬ ಹೊಸ ಹೆಸರೂ ಬಂದಿತು.

ಇದು ದೊಡ್ಡ ಸಾಧನೆಯೇ. ಆದರೆ ಆರು ವರ್ಷದ ಮಗುವನ್ನೂ ಹದಿನೆಂಟರ ಯುವತಿಯನ್ನೂ ‘ಮಕ್ಕಳು’ ಎಂಬ ಒಂದೇ ಪದದಲ್ಲಿ ಕಟ್ಟಿಹಾಕಿದರೆ ಗೋಡೆಯ ಮೇಲಿನ ಚಿತ್ರಗಳಿಂದ ಹಿಡಿದು ಕುರ್ಚಿಯ ಎತ್ತರದವರೆಗೆ ಎಲ್ಲವೂ ಆರು ವರ್ಷದವರ ಅಳತೆಗೇ ನಿಲ್ಲುತ್ತವೆ. ಮೊಲ, ಆಮೆಗಳ ಚಿತ್ರ ಬಿಡಿಸಿದ ಗೋಡೆಯ ಕೆಳಗೆ ಒಂಬತ್ತನೆಯ ತರಗತಿಯ ಹುಡುಗ ಕುಳಿತುಕೊಳ್ಳಲಾರ. ಓರಗೆಯವರು ನೋಡಿದರೆ ನಗುತ್ತಾರೆ ಎಂಬ ಭಯ ಆ ವಯಸ್ಸಿನಲ್ಲಿ ಹಸಿವಿಗಿಂತ ದೊಡ್ಡದು.

ಕೊಠಡಿ ಇಲ್ಲದಿದ್ದರೆ ಹೊತ್ತು

ಷಿಕಾಗೊ ನಗರದ ಕೇಂದ್ರ ಗ್ರಂಥಾಲಯದಲ್ಲಿ 2009ರಲ್ಲಿ ಆರಂಭವಾದ ‘ಯೂಮೀಡಿಯಾ’ ಈ ದಿಸೆಯಲ್ಲಿ ಹೆಸರು ಮಾಡಿದ ಪ್ರಯೋಗ. ಹೈಸ್ಕೂಲು ವಿದ್ಯಾರ್ಥಿಗಳಿಗೆ ಮೀಸಲಾದ ಆ ವಿಶಾಲ ಜಾಗದಲ್ಲಿ ಪುಸ್ತಕಗಳ ಪಕ್ಕದಲ್ಲಿಯೇ ಕ್ಯಾಮೆರಾ, ಹಾಡು ಧ್ವನಿಮುದ್ರಿಸುವ ಸಲಕರಣೆಗಳನ್ನು ಇರಿಸಲಾಯಿತು. ಸಂಶೋಧಕಿ ಮಿಜುಕೊ ಇಟೊ ಮತ್ತು ಸಂಗಡಿಗರ ಅಧ್ಯಯನ ಅದರ ಹಿನ್ನೆಲೆಯಲ್ಲಿತ್ತು. ಹದಿಹರೆಯದವರು ಮೊದಲು ಗೆಳೆಯರೊಡನೆ ಸುಮ್ಮನೆ ಕಾಲ ಕಳೆಯುತ್ತಾರೆ, ಬಳಿಕ ಕೈಗೆ ಸಿಕ್ಕಿದ್ದನ್ನು ತಡಕಾಡುತ್ತಾರೆ, ಕೆಲವರು ಯಾವುದೋ ಒಂದರಲ್ಲಿ ಆಳಕ್ಕೆ ಇಳಿಯುತ್ತಾರೆ ಎಂಬುದು ಆ ಅಧ್ಯಯನದ ತಿರುಳು. ಸ್ಟಾಕ್‌ಹೋಮ್‌ನ ಸಂಸ್ಕೃತಿ ಭವನ 2011ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 10ರಿಂದ 13 ವರ್ಷದವರಿಗೆ ಮಾತ್ರ ಪ್ರವೇಶವಿರುವ ಗ್ರಂಥಾಲಯ ತೆರೆಯಿತು. ಅಲ್ಲಿ ಅಡುಗೆಮನೆಯೂ ಇತ್ತು. ತಂದೆತಾಯಿಯರಿಗೆ ಒಳಗೆ ಪ್ರವೇಶವಿರಲಿಲ್ಲ.

ಒಂದೇ ಕೊಠಡಿಯ ಪಂಚಾಯಿತಿ ಗ್ರಂಥಾಲಯಕ್ಕೆ ಇವೆಲ್ಲ ಗಗನಕುಸುಮವೆನಿಸಬಹುದು. ಆದರೆ ಈ ಪ್ರಯೋಗಗಳ ಜೀವಾಳ ಚದರಡಿಯಲ್ಲಿಲ್ಲ, ‘ಇದು ನಿಮ್ಮದು’ ಎಂಬ ಖಾತರಿಯಲ್ಲಿದೆ. ಜಾಗ ಕೊಡಲಾಗದ ಕಡೆ ಹೊತ್ತನ್ನು ಕೊಡಬಹುದು. ವಾರಕ್ಕೆ ಎರಡು ಸಂಜೆ, ಶಾಲೆ ಬಿಟ್ಟ ಅರ್ಧ ಗಂಟೆಯ ನಂತರ ಎರಡು ಗಂಟೆ ಕಾಲ, ಗ್ರಂಥಾಲಯ ಹದಿಹರೆಯದವರದು ಎಂದು ಸಾರಿದರೆ ಸಾಕು. ಆ ಹೊತ್ತಿನಲ್ಲಿ ಮಾತಿಗೆ ಅಡ್ಡಿಯಿರಬಾರದು. ‘ನಿಶ್ಶಬ್ದ’ ಎಂಬ ಫಲಕ ಪರೀಕ್ಷಾರ್ಥಿಗಳಿಗೆ ಬೇಕು, ನಿಜ. ಗುಂಪಾಗಿ ಯೋಚಿಸುವ ವಯಸ್ಸಿನವರಿಗೆ ಅದು ಹೊರಗೆ ನಡೆಯಿರಿ ಎಂಬ ಆಜ್ಞೆಯಂತೆ ಕೇಳಿಸುತ್ತದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ತಿಂಗಳಿನಲ್ಲಿ ಇದೇ ಹೊತ್ತು ಮೌನದ ಓದಿಗೆ ತಿರುಗಬಹುದು. ಆಗ ಬೇಕಾಗುವುದು ಒಳ್ಳೆಯ ಬೆಳಕು ಮತ್ತು ಅಲುಗಾಡದ ಮೇಜು.

ಹುಡುಗಿಯರ ಪ್ರಶ್ನೆ

ಹೆಣ್ಣುಮಕ್ಕಳ ವಿಷಯದಲ್ಲಿ ಮಾತು ಓದಿನ ಅಭಿರುಚಿಯಷ್ಟಕ್ಕೆ ನಿಲ್ಲುವುದಿಲ್ಲ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವರ್ಷದ ಮಹಿಳೆಯರ ಪೈಕಿ ಶೇ 21ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಉಚಿತ ಮತ್ತು ಕಡ್ಡಾಯ ಶಿಕ್ಷಣದ ಕಾನೂನು ಹದಿನಾಲ್ಕನೆಯ ವಯಸ್ಸಿಗೆ ಕೈಬಿಡುತ್ತದೆ. ಹದಿನಾಲ್ಕರಿಂದ ಹದಿನೆಂಟರ ನಡುವಿನ ಈ ನಾಲ್ಕು ವರ್ಷಗಳಲ್ಲಿ ಹಳ್ಳಿಯ ಹುಡುಗಿಗೆ ಮನೆ ಮತ್ತು ಶಾಲೆಯ ಹೊರಗೆ, ಯಾರ ಬಾಯಿಗೂ ಬೀಳದೆ ಕುಳಿತುಕೊಳ್ಳಬಹುದಾದ ತಾಣಗಳು ಬೆರಳೆಣಿಕೆಯಷ್ಟು. ಹುಡುಗರಿಗಾದರೆ ಅರಳಿಕಟ್ಟೆ, ಮೈದಾನ, ಚಹಾದಂಗಡಿಗಳಿವೆ.

ಆದ್ದರಿಂದ ಸೇವೆಯ ವಿನ್ಯಾಸ ಮನೆಯ ಹೊಸ್ತಿಲಿನಿಂದ ಆರಂಭವಾಗಬೇಕು. ಕತ್ತಲಾಗುವ ಮುನ್ನ ಮನೆ ಸೇರುವಂತೆ ಸಮಯ ನಿಗದಿಯಾಗಬೇಕು. ನೀರು ತರುವ, ತಮ್ಮತಂಗಿಯರನ್ನು ನೋಡಿಕೊಳ್ಳುವ ಹೊತ್ತನ್ನು ತಪ್ಪಿಸಬೇಕು. ತಂಗಿಯನ್ನು ಕಂಕುಳಲ್ಲಿ ಎತ್ತಿಕೊಂಡು ಬರುವವಳಿಗೆ ‘ಚಿಕ್ಕವರಿಗೆ ಪ್ರವೇಶವಿಲ್ಲ’ ಎನ್ನಬಾರದು. ಕಟ್ಟಡದಲ್ಲಿ ಬಳಸಲು ಯೋಗ್ಯವಾದ ಶೌಚಾಲಯವಿರಬೇಕು. ಈ ಒಂದು ಕೊರತೆಯೇ ಎಷ್ಟೋ ಹುಡುಗಿಯರನ್ನು ದೂರವಿಡಲು ಸಾಕು. ಸ್ತ್ರೀಶಕ್ತಿ ಸಂಘದ ಸಭೆಯನ್ನು ತಿಂಗಳಿಗೊಮ್ಮೆ ಗ್ರಂಥಾಲಯದಲ್ಲಿಯೇ ನಡೆಸಿದರೆ ತಾಯಂದಿರಿಗೆ ಆ ಜಾಗ ಪರಿಚಿತವಾಗುತ್ತದೆ. ತಾಯಿ ಕಂಡ ಜಾಗಕ್ಕೆ ಮಗಳನ್ನು ಕಳುಹಿಸಲು ಮನಸ್ಸು ಬರುತ್ತದೆ.

ದೇಹದ ಬದಲಾವಣೆ, ಋತುಚಕ್ರ, ಮನಸ್ಸಿನ ಕಳವಳಗಳ ಕುರಿತ ಪುಸ್ತಕಗಳನ್ನು ಬೀಗ ಹಾಕಿದ ಬೀರುವಿನಲ್ಲಿ ಇಡುವುದು ವ್ಯರ್ಥ. ಕೀಲಿ ಕೇಳಲು ಯಾವ ಹುಡುಗಿಯೂ ಮುಂದೆ ಬರಲಾರಳು. ಅವು ತೆರೆದ ಕಪಾಟಿನಲ್ಲಿ, ಮೇಲ್ವಿಚಾರಕರ ಮೇಜಿನಿಂದ ತುಸು ದೂರದಲ್ಲಿ, ಎರವಲು ಪುಸ್ತಕದಲ್ಲಿ ಹೆಸರು ಬರೆಸದೆ ಅಲ್ಲಿಯೇ ಓದುವಂತೆ ಇರಬೇಕು. ಯಾರು ಏನು ಓದಿದರೆಂಬುದು ಓದಿದವರ ಸ್ವಂತ ವಿಷಯ. ಅದು ಊರಿನ ಕಿವಿಗೆ ಒಮ್ಮೆ ಬಿದ್ದರೆ ಆ ಗ್ರಂಥಾಲಯದ ಮೇಲಿನ ನಂಬಿಕೆ ಮತ್ತೆ ಚಿಗುರುವುದು ಕಷ್ಟ.

ಕಪಾಟಿನಲ್ಲಿ ಏನಿರಬೇಕು

ಹದಿಹರೆಯದವರಿಗೆಂದೇ ಬರೆದ ಪುಸ್ತಕಗಳು ಕನ್ನಡದಲ್ಲಿ ವಿರಳ ಎಂಬ ಮಾತು ಸರಿ. ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ. ಒಂದು ಕಾಲದಲ್ಲಿ ಸಾವಿರಾರು ಕನ್ನಡಿಗರಿಗೆ ಓದಿನ ಚಟ ಹತ್ತಿಸಿದವು ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು. ಅವನ್ನು ಯಾವ ಇಲಾಖೆಯೂ ಶಿಫಾರಸು ಮಾಡಿರಲಿಲ್ಲ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೋ’, ‘ಜುಗಾರಿ ಕ್ರಾಸ್’, ಕೆನೆತ್ ಆಂಡರ್ಸನ್ ಬೇಟೆ ಕಥನಗಳ ಅವರ ರೂಪಾಂತರಗಳು ಹದಿನಾಲ್ಕರ ಓದುಗರನ್ನು ಇಂದಿಗೂ ಹಿಡಿದು ಕೂರಿಸಬಲ್ಲವು. ಆದರೆ ಅವು ‘ಕಾದಂಬರಿ’ ಎಂಬ ಚೀಟಿ ಹೊತ್ತು ಹಿರಿಯರ ಕಪಾಟಿನ ಮೇಲಿನ ಸಾಲಿನಲ್ಲಿರುತ್ತವೆ. ಅವನ್ನು ಕೆಳಗಿಳಿಸಿ, ಬೆನ್ನಿನ ಬದಲು ಮುಖಪುಟ ಕಾಣುವಂತೆ ಜೋಡಿಸುವ ಕೆಲಸಕ್ಕೆ ಅನುದಾನ ಬೇಕಿಲ್ಲ. ಕ್ರಿಕೆಟ್ ಪುಟ, ಸಿನಿಮಾ ಪುರವಣಿ, ಕಾಮಿಕ್ಸ್, ಬೈಕ್ ರಿಪೇರಿ ಕೈಪಿಡಿಗಳನ್ನು ಕೀಳೆಂದು ಕಾಣುವ ಚಾಳಿಯನ್ನೂ ಬಿಡಬೇಕಾದೀತು.

ಪುಸ್ತಕ ಕೆಟ್ಟರೆ, ಕಳೆದರೆ ದಂಡ ಎಂಬ ಭಯ ಬಡಮನೆಯ ಮಕ್ಕಳನ್ನು ಮೊದಲು ಓಡಿಸುತ್ತದೆ. ಷಿಕಾಗೊ ಸಾರ್ವಜನಿಕ ಗ್ರಂಥಾಲಯ 2019ರ ಅಕ್ಟೋಬರಿನಲ್ಲಿ ವಿಳಂಬ ದಂಡವನ್ನೇ ಕೈಬಿಟ್ಟಾಗ, ಬಹುಕಾಲದಿಂದ ಹಿಂತಿರುಗದಿದ್ದ ಪುಸ್ತಕಗಳು ಮರಳಿ ಬರತೊಡಗಿದವು. ಹರಿದ ಪುಸ್ತಕವನ್ನು ಸಂಜೆಯ ಹೊತ್ತಿನಲ್ಲಿ ಎಲ್ಲರೂ ಸೇರಿ ಹೊಲಿದು ಅಂಟಿಸುವುದು ದಂಡಕ್ಕಿಂತ ಮೇಲಾದ ವ್ಯವಸ್ಥೆ.

ಸ್ಪರ್ಧೆಯ ಆಚೆಗೆ

ನಮ್ಮ ಗ್ರಂಥಾಲಯಗಳಲ್ಲಿ ಹದಿಹರೆಯದವರ ಕಾರ್ಯಕ್ರಮವೆಂದರೆ ಬಹುಪಾಲು ರಾಷ್ಟ್ರೀಯ ಹಬ್ಬದ ಪ್ರಬಂಧ ಸ್ಪರ್ಧೆ, ಭಾಷಣ ಸ್ಪರ್ಧೆ, ರಸಪ್ರಶ್ನೆ. ಶಾಲೆಯಲ್ಲಿ ಗೆದ್ದವರೇ ಇಲ್ಲಿಯೂ ಗೆಲ್ಲುತ್ತಾರೆ. ಸೋತವರಿಗೆ ಇನ್ನೊಂದು ಶಾಲೆ ಕಂಡಂತಾಗುತ್ತದೆ. ಅದರ ಬದಲು ಊರಿಗೆ ಬೇಕಾದ ಕೆಲಸವನ್ನು ಅವರಿಗೆ ಒಪ್ಪಿಸಿದರೆ ಚಿತ್ರ ಬೇರೆಯಾಗುತ್ತದೆ. 2002ರ ಜೀವವೈವಿಧ್ಯ ಕಾಯ್ದೆಯಡಿ ಗ್ರಾಮ ಮಟ್ಟದಲ್ಲಿ ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧವಾಗಬೇಕೆಂದಿದೆ. ಊರಿನ ಮರ, ಹಕ್ಕಿ, ಬಿತ್ತನೆ ತಳಿ, ನಾಟಿ ಔಷಧಗಳ ವಿವರವನ್ನು ಹಿರಿಯರಿಂದ ಕೇಳಿ ಬರೆದುಕೊಳ್ಳಲು ಹೈಸ್ಕೂಲು ಮಕ್ಕಳಿಗಿಂತ ತಕ್ಕವರು ಯಾರು? ಕೆರೆಯ ಚರಿತ್ರೆ, ಊರಿನ ನಕ್ಷೆ, ತಿಂಗಳಿಗೊಂದು ಗೋಡೆಪತ್ರಿಕೆ, ವಾಟ್ಸ್‌ಆಪ್‌ನಲ್ಲಿ ಬಂದ ಸುದ್ದಿಯ ಸತ್ಯಾಸತ್ಯತೆಯನ್ನು ಪತ್ರಿಕೆಗಳೊಡನೆ ತಾಳೆ ನೋಡುವ ಕೂಟ ಇವೆಲ್ಲ ಇದೇ ಬಗೆಯವು. ವಿದ್ಯಾರ್ಥಿವೇತನದ ಅರ್ಜಿ ತುಂಬಲು ನೆರವಾಗುವ ಒಂದು ಕಂಪ್ಯೂಟರು ಮೇಜು ಹತ್ತು ಭಾಷಣಕ್ಕೆ ಸಮ.

ಶಾಲೆ ಬಿಟ್ಟು ಗ್ಯಾರೇಜು, ತೋಟ, ಹೋಟೆಲು ಸೇರಿದವರೂ ಇದೇ ವಯಸ್ಸಿನವರು ಎಂಬುದನ್ನು ಮರೆಯುವುದು ಸುಲಭ. ಅವರಿಗಾಗಿ ಭಾನುವಾರ ಬಾಗಿಲು ತೆರೆದಿರಬೇಕು. ವಸತಿನಿಲಯದ ವಿದ್ಯಾರ್ಥಿಗಳಿಗೆ ಹೊರಬರಲು ಅನುಮತಿ ಸಿಗದ ಕಡೆ, ನಲವತ್ತು ಪುಸ್ತಕಗಳ ಪೆಟ್ಟಿಗೆಯನ್ನು ವಾರ್ಡನ್ ಮೂಲಕ ತಿಂಗಳಿಗೊಮ್ಮೆ ಬದಲಿಸಬಹುದು.

ಯಾರು ತೀರ್ಮಾನಿಸಬೇಕು

ಇಷ್ಟೆಲ್ಲ ಆದರೂ ಹಿರಿಯರೇ ಯೋಜಿಸಿ, ಹಿರಿಯರೇ ಉದ್ಘಾಟಿಸಿ, ಮಕ್ಕಳು ಚಪ್ಪಾಳೆ ತಟ್ಟುವ ಪರಿಪಾಟ ಮುಂದುವರಿದರೆ ಮೂರನೆಯ ತಿಂಗಳಿಗೆ ಕುರ್ಚಿಗಳು ಖಾಲಿಯಾಗುತ್ತವೆ. ಐದಾರು ಮಂದಿಯ ಸಮಿತಿ ಬೇಕು. ಅದರಲ್ಲಿ ಅರ್ಧದಷ್ಟು ಹುಡುಗಿಯರಿರಬೇಕು. ಊರಿನ ಎಲ್ಲ ಕೇರಿಗಳಿಂದಲೂ ಬಂದವರಿರಬೇಕು. ಆ ಸಮಿತಿಗೆ ಹೆಸರಷ್ಟೇ ಅಲ್ಲ, ಅಧಿಕಾರವೂ ಬೇಕು. ಪುಸ್ತಕ ಖರೀದಿಯ ಮೊತ್ತದಲ್ಲಿ ಒಂದು ಪಾಲು, ಅದು ಎರಡು ಸಾವಿರ ರೂಪಾಯಿಯೇ ಆಗಲಿ, ಅವರ ಆಯ್ಕೆಗೆ ಬಿಟ್ಟು, ಅವರು ಬರೆದುಕೊಟ್ಟ ಪಟ್ಟಿಯನ್ನು ತಿದ್ದದೆ ತರಿಸಿದ ದಿನ ಸಮಿತಿಗೆ ಜೀವ ಬರುತ್ತದೆ. ಕೆಲವು ಆಯ್ಕೆಗಳು ಹಿರಿಯರಿಗೆ ಹಿಡಿಸಲಾರವು. ಹಾಗೆ ಹಿಡಿಸದಿರುವುದೇ ಆಯ್ಕೆ ಅವರದೆಂಬುದಕ್ಕೆ ಗುರುತು.

ಈ ಹೊಣೆಯೆಲ್ಲ ಕೊನೆಗೆ ಬಂದು ಬೀಳುವುದು ಗೌರವಧನದ ಮೇಲೆ ದುಡಿಯುವ ಮೇಲ್ವಿಚಾರಕರ ಹೆಗಲಿಗೆ. ಪುಸ್ತಕದ ದಾಸ್ತಾನು ಕಡಿಮೆಯಾದರೆ ಲೆಕ್ಕ ಕೊಡಬೇಕಾದವರು ಬೀರುವಿಗೆ ಬೀಗ ಜಡಿಯುವುದು ಸಹಜ. ಅವರನ್ನು ದೂರುವುದಕ್ಕಿಂತ ಸವೆದ, ಕಳೆದ ಪುಸ್ತಕಗಳನ್ನು ವರ್ಷಕ್ಕೊಮ್ಮೆ ದಾಸ್ತಾನಿನಿಂದ ತೆಗೆದುಹಾಕುವ ನಿಯಮವನ್ನು ಸರಳಗೊಳಿಸುವುದು ಮೇಲು. ಸದಸ್ಯರ ಸಂಖ್ಯೆಯನ್ನಷ್ಟೇ ಕೇಳುವ ವರದಿಯ ನಮೂನೆಯಲ್ಲಿ, ಕಳೆದ ತಿಂಗಳು ಬಂದ 13ರಿಂದ 18ರ ವಯೋಮಾನದವರೆಷ್ಟು, ಅವರಲ್ಲಿ ಈ ತಿಂಗಳೂ ಬಂದವರೆಷ್ಟು, ಹುಡುಗಿಯರೆಷ್ಟು ಎಂಬ ಮೂರು ಕಲಂ ಸೇರಿದರೆ ನಿಜಸ್ಥಿತಿ ತಾನಾಗಿ ಹೊರಬೀಳುತ್ತದೆ.

ಹದಿಹರೆಯದವರ ಬೇಡಿಕೆಗೆ ಅಧಿಕೃತ ವೇದಿಕೆಯೊಂದು ಕರ್ನಾಟಕದಲ್ಲಿ ಆಗಲೇ ಇದೆ. ಕುಂದಾಪುರ ತಾಲ್ಲೂಕಿನಲ್ಲಿ 1990ರ ದಶಕದಲ್ಲಿ ಮಕ್ಕಳ ಪಂಚಾಯಿತಿಯ ಪ್ರಯೋಗ ನಡೆದಿತ್ತು. ಮುಂದೆ ರಾಜ್ಯದ ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂಬ ಸರ್ಕಾರಿ ಆದೇಶವೂ ಬಂದಿತು. ಗ್ರಂಥಾಲಯದ ಸಮಯ, ದೀಪ, ಶೌಚಾಲಯ, ಪುಸ್ತಕಪಟ್ಟಿಯ ಪ್ರಶ್ನೆಗಳನ್ನು ಸಮಿತಿಯ ಮಕ್ಕಳು ಅಲ್ಲಿ ಬರಹದಲ್ಲಿ ಮಂಡಿಸಬಹುದು. ಅದನ್ನು ನಡಾವಳಿಯಲ್ಲಿ ದಾಖಲಿಸಿ, ಪಂಚಾಯಿತಿಯ ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಗೆ ಸೇರಿಸುವುದು ಪಿಡಿಒ ಅವರ ಕೆಲಸ.